ಕಂಡರಿಯದ ಗೆಳೆಯರ ಊರಿಗೆ

ಮಲಪ್ರಭೆಯ ತಟದ ಶಿವಯೋಗ ಮಂದಿರಕ್ಕೆ ಬಂದವರಲ್ಲಿ ಪರಸ್ಪರ ಪರಿಚಿತರಿಗಿಂತ ಅಪರಿಚಿತರೇ ಹೆಚ್ಚು. ಹಾನಗಲ್ಲ ಕುಮಾರ ಸ್ವಾಮಿಗಳು ೧೯೦೯ರಲ್ಲಿ ಈ ಸಂಸ್ಥೆಯನ್ನು ಕಟ್ಟಿದಂದಿನಿಂದ ನಾಡಿನ ನಾನಾ ಮೂಲೆಗಳ ವಟುಗಳು ಇಲ್ಲಿಗೆ ಬಂದಿದ್ದಾರೆ. ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ನೆರಳಿನಲ್ಲಿ ಕಲಿತು, ಮತ್ತೆ ನಾನಾ ದಿಕ್ಕಿನ ಮಠಗಳಿಗೆ ಹೊರಟುಹೋಗಿದ್ದಾರೆ. ಗಾನಯೋಗಿ ಪಂಚಾಕ್ಷರ ಗವಾಯಿಗಳು ಕುಮಾರ ಸ್ವಾಮಿಗಳ ಆಶ್ರಯಕ್ಕೆ ಬಂದದ್ದು ದೃಷ್ಟಿಯಿಲ್ಲದ ಬಾಲಕನಾಗಿ. ಬಂದವನ ಮುಖವನ್ನು ಅವರು ನೋಡಲಿಲ್ಲ, ದನಿಯನ್ನು ಕೇಳಿದರು. ಆ ದನಿಯಿಂದಲೇ ನಂಟು ಬೆಳೆಯಿತು. ಜಂಗಮವೆಂಬ ಮಾತಿನಲ್ಲಿ ನಡೆಯುವುದು ಅಡಗಿದೆ, ದಾಸೋಹವೆಂಬ ಮಾತಿನಲ್ಲಿ ನಡೆದು ಬಂದವನಿಗೆ ಉಣಿಸುವುದು ಅಡಗಿದೆ. ಯಾವ ಊರೆಂದು ವಿಚಾರಿಸುವ ಮುನ್ನ ಊಟವಾಯಿತೇ ಎಂದು ವಿಚಾರಿಸುವ ಸೀಮೆ ಇದು.

ಇಂತಹ ಸೀಮೆಯ ಮನೆಗಳಲ್ಲಿ ಈಗ ಹೊಸದೊಂದು ಪ್ರಶ್ನೆ ಹುಟ್ಟಿಕೊಂಡಿದೆ. ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲುಗಳ ತರುಣ ತರುಣಿಯರಿಗೆ ಕಡಲಾಚೆಯಲ್ಲಿ ಗೆಳೆಯರಿದ್ದಾರೆ. ಒಬ್ಬರಿಗೆ ಪಟ್ಟದಕಲ್ಲಿನ ಶಿಲ್ಪದ ಚಿತ್ರದಿಂದ ಗೆಳೆತನ ಕುದುರಿತು. ಇನ್ನೊಬ್ಬರಿಗೆ ಚದುರಂಗದಿಂದ, ಮತ್ತೊಬ್ಬರಿಗೆ ಹೊಸ ಭಾಷೆಯೊಂದನ್ನು ಕಲಿಯುವ ಹಂಬಲದಿಂದ. ಅಂತರಜಾಲದ ಕೃಪೆಯಿಂದ ದಿನವೂ ಮಾತು ನಡೆಯುತ್ತದೆ. ಆದರೆ ಒಬ್ಬರನ್ನೊಬ್ಬರು ಎದುರಾಎದುರು ಕಂಡವರಲ್ಲ. ನಾಲ್ಕು ವರ್ಷ ಸಂಬಳದಲ್ಲಿ ಉಳಿಸಿ ಒಂದಿಷ್ಟು ಗಂಟು ಕೂಡಿದೊಡನೆ, ಒಮ್ಮೆ ಹೋಗಿ ನೋಡಿ ಬರಬೇಕೆಂಬ ಆಸೆ ತಲೆಯೆತ್ತುತ್ತದೆ. ಆಗ ಒಲೆಯ ಮುಂದಿನಿಂದ ತಾಯಿಯ ಪ್ರಶ್ನೆ ಬರುತ್ತದೆ: "ಕಣ್ಣಿಲೆ ಕಾಣದವರ ಮನಿಗೆ ಹೆಂಗ ಹೋಗ್ತೀಯವ್ವಾ?"

ಈ ಪ್ರಶ್ನೆಯನ್ನು ಹಳೆಯ ಕಾಲದವರ ಅಂಜಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಸರಿಯಲ್ಲ. ತಾಯಿ ಕೇಳಿದ್ದು ಯಥಾರ್ಥವಾದ ಪ್ರಶ್ನೆ. ಅದಕ್ಕೆ ಯಥಾರ್ಥವಾದ ಉತ್ತರವನ್ನು ಒದಗಿಸುವುದೇ ಮೊದಲ ವಿದೇಶ ಪ್ರವಾಸದ ಸಿದ್ಧತೆ.

ಹಳೆಯ ಹೆಜ್ಜೆಗಳು

ಕಡಲಾಚೆಯ ಸ್ನೇಹವೆಂಬುದು ಈ ಮಣ್ಣಿಗೆ ಹೊಸತೆಂದು ತಿಳಿಯಬೇಕಾಗಿಲ್ಲ. ಅರಬ್ಬೀ ಭಾಷೆಯಲ್ಲಿ ಬರೆದ ಇತಿಹಾಸಕಾರ ತಬರಿಯು ಪಾರಸೀಕ ದೊರೆ ಎರಡನೆಯ ಖುಸ್ರುವಿನ ಆಳ್ವಿಕೆಯ ೩೬ನೆಯ ವರ್ಷದಲ್ಲಿ ಭಾರತದ ಅರಸನೊಬ್ಬನಿಂದ ಆ ದೊರೆಗೂ ಅವನ ಮಕ್ಕಳಿಗೂ ಪತ್ರಗಳೂ ಕಾಣಿಕೆಗಳೂ ಬಂದವೆಂದು ದಾಖಲಿಸಿದ್ದಾನೆ. ಆ ಅರಸನನ್ನು ಬಾದಾಮಿಯ ಇಮ್ಮಡಿ ಪುಲಕೇಶಿಯೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಹಾಗಿದ್ದಲ್ಲಿ ಬಾದಾಮಿಯ ಅರಸನೇ ಕಂಡರಿಯದ ದೊರೆಯೊಬ್ಬನಿಗೆ ಪತ್ರಮಿತ್ರನಾಗಿದ್ದನೆಂದಾಯಿತು. ಸುಮಾರು ೬೪೧ರಲ್ಲಿ ಈ ರಾಜ್ಯವನ್ನು ಕಂಡ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ಇಲ್ಲಿನ ಜನರು ಉಪಕಾರಿಗಳಿಗೆ ಕೃತಜ್ಞರೆಂದೂ, ಅಪಕಾರಿಗಳಿಗೆ ನಿಷ್ಠುರರೆಂದೂ, ಕಷ್ಟದಲ್ಲಿದ್ದವನು ಮೊರೆಯಿಟ್ಟರೆ ತಮ್ಮನ್ನು ತಾವು ಮರೆತು ನೆರವಿಗೆ ಧಾವಿಸುವವರೆಂದೂ ಬರೆದಿಟ್ಟನು. ಅತಿಥಿಯಾಗಿ ಬಂದವನು ಬರೆದ ಈ ಮಾತು ಇಂದು ಅತಿಥಿಗಳಾಗಿ ಹೊರಡುವವರಿಗೂ ನೆನಪಿನಲ್ಲಿರತಕ್ಕದ್ದು.

ಅದಕ್ಕೂ ಮಿಗಿಲಾದ ನಿದರ್ಶನ ಹುನಗುಂದ ಸೀಮೆಯ ಐಹೊಳೆಯದು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘವು ತನ್ನ ಹೆಸರನ್ನು ಪಡೆದುದು ಈ ಊರಿನಿಂದ. ಕಾಲಕ್ರಮದಲ್ಲಿ ಅದು ದಕ್ಷಿಣ ಭಾರತದ ನಾನಾ ಭಾಷೆಗಳ ವರ್ತಕರನ್ನು ಒಳಗೊಂಡು ಬೆಳೆಯಿತು. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ಕರ್ಪೂರಕ್ಕೆ ಹೆಸರಾಗಿದ್ದ ಬಾರೂಸಿನ ಬಳಿ, ಈ ಐನೂರ್ವರ ಹೆಸರಿರುವ ತಮಿಳು ಶಾಸನವೊಂದು ದೊರೆತಿದೆ. ಅದರ ಕಾಲ ಕ್ರಿ. ಶ. ೧೦೮೮. ಬರ್ಮಾದ ಪಗಾನಿನಲ್ಲಿ ನಾನಾದೇಶಿ ವರ್ತಕರ ಹೆಸರಿನ ವಿಷ್ಣು ದೇವಾಲಯವೊಂದನ್ನು ಹೇಳುವ ಹದಿಮೂರನೆಯ ಶತಮಾನದ ಶಾಸನವುಂಟು. ಸುಮಾತ್ರಕ್ಕೆ ಹೋದ ವರ್ತಕನಿಗೆ ಅಲ್ಲಿನ ಎಲ್ಲರ ಗುರುತು ಇದ್ದಿರಲಾರದು. ಆದರೆ ಸಂಘದ ಹೆಸರೇ ಅವನ ಗುರುತಾಗಿತ್ತು. ಸಂಘದ ಕಟ್ಟುಪಾಡೇ ಅವನ ಜಾಮೀನಾಗಿತ್ತು. ಕಾಣದವರ ನಡುವಿನ ನಂಬಿಕೆಗೆ ಯಾವುದಾದರೊಂದು ಆಧಾರ ಬೇಕೆಂಬುದನ್ನು ಐನೂರ್ವರು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು.

ನಡುವೆ ಬಾಗಿಲು ಮುಚ್ಚಿದ ಕಾಲವೂ ಇದ್ದಿತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಕಗಳ ಸಾಲಿನಲ್ಲಿ ಸೇರಿಸಿದೆ. ೧೮೮೮ರಲ್ಲಿ ವಿಲಾಯಿತಿಗೆ ಹೊರಟ ಮೋಹನದಾಸ ಗಾಂಧಿಯವರನ್ನು ಅವರ ಜಾತಿಯ ಮುಖಂಡರು ಮುಂಬಯಿಯಲ್ಲಿ ಬಹಿಷ್ಕರಿಸಿದರು. ಅವರನ್ನು ಬೀಳ್ಕೊಡಲು ಹಡಗುಕಟ್ಟೆಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದರು. ಅರ್ಧ ಶತಮಾನ ಕಳೆಯುವುದರೊಳಗೆ ಗಾಳಿ ಬದಲಾಯಿತು. ೧೯೩೬ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ವಿ. ಕೃ. ಗೋಕಾಕರು ತಮ್ಮ ಪ್ರವಾಸವನ್ನು 'ಸಮುದ್ರದಾಚೆಯಿಂದ' ಎಂಬ ಪುಸ್ತಕವಾಗಿಸಿದರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಹೋಗಿ ಬಂದು ಬರೆದ 'ಅಮೆರಿಕದಲ್ಲಿ ಗೊರೂರು' ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆಯಿತು. ಮೊದಲು ವಿದ್ಯೆಗಾಗಿ ಹೋದರು, ಬಳಿಕ ಉದ್ಯೋಗಕ್ಕಾಗಿ, ಆಮೇಲೆ ಮಕ್ಕಳನ್ನು ಕಾಣಲು. ಗೆಳೆಯನನ್ನು ಕಾಣಲೆಂದೇ ಹೋಗುವುದು ಈ ಸಾಲಿನಲ್ಲಿ ಹೊಸ ಮೆಟ್ಟಲು.

ಅಪರಿಚಿತರ ಮನೆಯಲ್ಲಿ ಇಳಿದುಕೊಳ್ಳುವುದನ್ನೇ ಒಂದು ವ್ರತವಾಗಿ ಮಾಡಿಕೊಂಡವರೂ ಇದ್ದಾರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೯ರಲ್ಲಿ, ಬಾಬ್ ಲೂಯಿಟ್‌ವೈಲರ್ ಎಂಬ ಅಮೆರಿಕದ ಶಾಂತಿವಾದಿಯು ಡೆನ್ಮಾರ್ಕಿನಲ್ಲಿ ಕೆಲವು ಸಂಗಡಿಗರೊಡನೆ ಒಂದು ಕೂಟವನ್ನು ಆರಂಭಿಸಿದನು. ಒಂದು ದೇಶದವನು ಇನ್ನೊಂದು ದೇಶದವನ ಮನೆಯಲ್ಲಿ ಎರಡು ದಿನ ಇದ್ದು ಬಂದರೆ ಆ ದೇಶದ ಮೇಲೆ ಕೋವಿಯೆತ್ತಲು ಮನಸ್ಸಾಗದೆಂಬುದು ಅವನ ನಂಬಿಕೆ. ಮುಂದೆ ಸರ್ವಾಸ್ ಎಂಬ ಹೆಸರು ಪಡೆದ ಆ ಕೂಟಕ್ಕೆ ಭಾರತದಲ್ಲಿಯೂ ಶಾಖೆ ಇದೆ. ಅಲ್ಲಿ ಹಣದ ಮಾತಿಲ್ಲ. ಆದರೆ ಪರಿಚಯಪತ್ರವಿಲ್ಲದೆ ಬಾಗಿಲು ತೆರೆಯುವುದಿಲ್ಲ, ಸಂದರ್ಶನವಿಲ್ಲದೆ ಪರಿಚಯಪತ್ರವಿಲ್ಲ. ಔದಾರ್ಯವೂ ವಿಚಾರಣೆಯೂ ಅಲ್ಲಿ ಜೊತೆಯಾಗಿ ನಡೆಯುತ್ತವೆ.

ನಂಬಿಕೆಯ ಒರೆಗಲ್ಲು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಗೆಳೆಯರ ವಿಷಯದಲ್ಲಿಯೂ ಸುಳ್ಳಲ್ಲ. ಬರವಣಿಗೆಯಲ್ಲಿ ಮನುಷ್ಯನು ತನ್ನ ಒಳ್ಳೆಯ ಮುಖವನ್ನೇ ತೋರಿಸುತ್ತಾನೆ. ಕೆಲವರು ಬೇರೊಬ್ಬರ ಮುಖವನ್ನೇ ತೋರಿಸುತ್ತಾರೆ. ವಿದೇಶದ ಗೆಳೆಯನೆಂದು ಹೇಳಿಕೊಂಡವನು ತಿಂಗಳುಗಟ್ಟಲೆ ಮಧುರವಾಗಿ ಮಾತಾಡಿ, ಬೆಲೆಬಾಳುವ ಉಡುಗೊರೆಯೊಂದನ್ನು ಕಳಿಸಿರುವುದಾಗಿ ತಿಳಿಸುವುದು. ಮರುವಾರ ಸುಂಕದ ಅಧಿಕಾರಿಯೆಂದು ಒಬ್ಬರು ದೂರವಾಣಿಯಲ್ಲಿ ಮಾತಾಡಿ, ಪೊಟ್ಟಣ ಬಿಡಿಸಲು ಹಣ ಕಟ್ಟೆನ್ನುವುದು. ಕಟ್ಟಿದಷ್ಟೂ ಇನ್ನಷ್ಟು ಕೇಳುವುದು. ಈ ವಂಚನೆ ಈಗ ಎಷ್ಟೋ ಮನೆಗಳ ಉಳಿತಾಯವನ್ನು ನುಂಗಿದೆ. ಸುಂಕದ ಇಲಾಖೆಯು ಯಾರದೋ ಖಾಸಗಿ ಖಾತೆಗೆ ಹಣ ಹಾಕೆಂದು ದೂರವಾಣಿಯಲ್ಲಿ ಎಂದೂ ಕೇಳುವುದಿಲ್ಲ. ಇಂತಹ ಬಲೆಗೆ ಸಿಕ್ಕಿದವರು ನಾಚಿಕೆಯಿಂದ ಮುಚ್ಚಿಡದೆ ತತ್‌ಕ್ಷಣ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಹಣಕ್ಕಿಂತ ದೊಡ್ಡ ಗಂಡಾಂತರವೂ ಉಂಟು. ೨೦೨೨ರ ಸೆಪ್ಟೆಂಬರಿನಲ್ಲಿ ಭಾರತದ ವಿದೇಶಾಂಗ ಸಚಿವಾಲಯವು ತರುಣರಿಗೆ ಗಂಭೀರವಾದ ಎಚ್ಚರಿಕೆಯನ್ನು ಕೊಟ್ಟಿತು. ಥಾಯ್ಲೆಂಡಿನಲ್ಲಿ ಗಣಕಯಂತ್ರದ ಕೆಲಸವೆಂದು ಸಾಮಾಜಿಕ ಜಾಲತಾಣಗಳಲ್ಲಿ ಆಸೆ ತೋರಿಸಿ ಕರೆಸಿಕೊಂಡವರು, ಬಂದವರನ್ನು ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು, ಸೆರೆಯಾಳುಗಳಂತೆ ಇರಿಸಿಕೊಂಡು ದುಡಿಸುತ್ತಿದ್ದರು. ಗೆಳೆಯನಾದವನು ಬಾ, ಇದ್ದು ನೋಡಿ ಹೋಗು ಎನ್ನುತ್ತಾನೆ. ಬಾ, ಇಲ್ಲಿಯೇ ಕೆಲಸ ಕೊಡಿಸುತ್ತೇನೆ, ಸಂದರ್ಶಕನ ವೀಸಾ ಸಾಕು ಎನ್ನುವವನು ಗೆಳೆಯನಲ್ಲ. ಸಂದರ್ಶಕನ ವೀಸಾದ ಮೇಲೆ ದುಡಿಯುವುದು ಎಲ್ಲೆಡೆಯೂ ಸಾಮಾನ್ಯವಾಗಿ ಅಪರಾಧ. ಆ ಅಪರಾಧದ ಫಲವನ್ನು ಉಣ್ಣುವವನು ಹೋದವನೇ ಹೊರತು ಕರೆದವನಲ್ಲ.

ಆದ್ದರಿಂದ ಹೊರಡುವ ಮುನ್ನ ಗೆಳೆತನವನ್ನು ಒರೆಗೆ ಹಚ್ಚಬೇಕು. ಎರಡು ಮನೆಯವರೂ ಪರದೆಯ ಮೇಲೆ ಒಬ್ಬರನ್ನೊಬ್ಬರು ಕಂಡು ಮಾತಾಡುವುದು ಮೊದಲ ಹೆಜ್ಜೆ. ಗೆಳೆಯನ ತಾಯಿಯೋ ಹೆಂಡತಿಯೋ ಅಲ್ಲಿ ಕಾಣಿಸಿಕೊಂಡರೆ, ಇಲ್ಲಿನ ತಾಯಿಯ ಅರ್ಧ ಚಿಂತೆ ಇಳಿಯುತ್ತದೆ. ಅವನ ಉದ್ಯೋಗ, ವಿಳಾಸ, ಊರುಗಳು ಅವನ ಮಾತಿನಿಂದಲ್ಲದೆ ಬೇರೆ ಕಡೆಯಿಂದಲೂ ತಿಳಿಯುವಂತಿರಬೇಕು. ಸ್ನೇಹವು ನಾಲ್ಕು ಜನರಿಗೆ ಗೊತ್ತಿರಬೇಕು. ಮನೆಯವರಿಗೆ ಹೇಳಬೇಡವೆನ್ನುವ ಗೆಳೆಯನ ಮನೆಗೆ ಹೋಗಲೇಬಾರದು. ಮೊದಲ ಭೇಟಿ ಹತ್ತು ಜನರಿರುವ ಹಗಲಿನ ತಾಣದಲ್ಲಿ ಆಗಲಿ. ಮೊದಲ ಎರಡು ರಾತ್ರಿಗಳಿಗೆ ಸಾಧಾರಣವಾದ ವಸತಿಗೃಹವೊಂದನ್ನು ಸ್ವಂತ ಖರ್ಚಿನಲ್ಲಿ ಗೊತ್ತುಮಾಡಿಕೊಂಡರೆ, ಮನಸ್ಸು ಒಗ್ಗದಿದ್ದಲ್ಲಿ ಯಾರ ಹಂಗೂ ಇಲ್ಲದೆ ಹಿಂತಿರುಗಬಹುದು. ಇದನ್ನು ಮುಂಚಿತವಾಗಿ ತಿಳಿಸಿದರೆ ನಿಜವಾದ ಗೆಳೆಯನು ಬೇಸರಪಡುವುದಿಲ್ಲ. ಅವನಿಗೂ ಅದೇ ಅಳುಕು ಇದ್ದೀತು. ಕಂಡರಿಯದ ವ್ಯಕ್ತಿಯನ್ನು ಮನೆಯೊಳಗೆ ಬಿಟ್ಟುಕೊಳ್ಳುವವನು ಅವನಲ್ಲವೇ?

ರಹದಾರಿಯ ಸಾಲುಗಳು

ನಂಬಿಕೆಯ ಮಾತು ಮುಗಿದ ಮೇಲೆ ಕಾಗದಪತ್ರಗಳ ಮಾತು. ಪಾಸ್‌ಪೋರ್ಟಿಗೆ ಆಧಾರವಾದ ಕಾಯಿದೆ ೧೯೬೭ರದು. ಒಂದು ಕಾಲಕ್ಕೆ ಪಾಸ್‌ಪೋರ್ಟೆಂದರೆ ರಾಜಧಾನಿಯ ಕಚೇರಿ ಎಂಬಂತಿದ್ದಿತು. ಈಗ ಹುಬ್ಬಳ್ಳಿಯಲ್ಲಿಯೇ ಸೇವಾ ಕೇಂದ್ರವಿದೆ. ೨೦೧೭ರ ಜನವರಿಯಲ್ಲಿ ಮೈಸೂರಿನಿಂದ ಆರಂಭವಾದ ಏರ್ಪಾಟಿನಂತೆ ಹಲವು ಊರುಗಳ ಅಂಚೆಕಚೇರಿಗಳಲ್ಲಿಯೂ ಈ ಕೆಲಸ ನಡೆಯುತ್ತದೆ. ವಯಸ್ಕರ ಪಾಸ್‌ಪೋರ್ಟಿನ ಅವಧಿ ೧೦ ವರ್ಷ. ಹೊರಡುವ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿಯಾದರೂ ಉಳಿದಿರಬೇಕೆಂದು ಬಹಳಷ್ಟು ದೇಶಗಳು ಕೇಳುತ್ತವೆ.

ಉತ್ತರ ಕರ್ನಾಟಕದವರಿಗೆ ಇಲ್ಲಿ ಹೆಸರಿನದೇ ಒಂದು ತೊಡಕು. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರದಲ್ಲಿ ಕೊನೆಗೆ, ಬ್ಯಾಂಕಿನ ಪುಸ್ತಕದಲ್ಲಿ ಬರಿಯ ಮೊದಲಕ್ಷರ. ಒಂದು ಕಡೆ ತಂದೆಯ ಹೆಸರು ನಡುವೆ ಬಂದರೆ ಇನ್ನೊಂದು ಕಡೆ ಬಿಟ್ಟೇ ಹೋಗಿರುತ್ತದೆ. ಮನುಷ್ಯನು ಒಬ್ಬನೇ ಆದರೂ ಕಾಗದದ ಮೇಲೆ ಮೂವರಾಗುತ್ತಾನೆ. ೨೦೨೨ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟುಗಳು ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳ ಸಂದರ್ಶಕರಿಗೆ ಪ್ರವೇಶವಿಲ್ಲವೆಂದು ನಿಯಮ ಹೊರಡಿಸಿದಾಗ ಅನೇಕರು ಪೇಚಿಗೆ ಸಿಕ್ಕಿದರು. ಆದ್ದರಿಂದ ಎಲ್ಲ ದಾಖಲೆಗಳಲ್ಲಿ ಹೆಸರನ್ನು ಒಂದೇ ಕ್ರಮಕ್ಕೆ ತಂದುಕೊಳ್ಳುವುದು ಮೊದಲ ತಿಂಗಳ ಕೆಲಸ.

ವೀಸಾದ ವಿಷಯದಲ್ಲಿ ಒಂದೊಂದು ದೇಶದ್ದು ಒಂದೊಂದು ರೀತಿ. ಯೂರೋಪಿನ ೨೯ ದೇಶಗಳು ಷೆಂಗೆನ್ ಒಪ್ಪಂದದಂತೆ ಒಂದೇ ವೀಸಾವನ್ನು ಮಾನ್ಯಮಾಡುತ್ತವೆ. ೧೮೦ ದಿನಗಳ ಅವಧಿಯಲ್ಲಿ ೯೦ ದಿನಗಳಿಗೆ ಮೀರದಂತೆ ಅಲ್ಲಿ ಇರಬಹುದು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಸ್ವೀಕಾರವಾಗುತ್ತದೆ. ೧೫ ದಿನಗಳಿಗಿಂತ ತಡವಾಗಬಾರದು. ೨೦೨೪ರ ಜೂನಿನಿಂದ ವಯಸ್ಕರ ಶುಲ್ಕ ೯೦ ಯೂರೋ. ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿ ತಿರಸ್ಕೃತವಾದರೂ ಶುಲ್ಕ ಮರಳಿ ಬಾರದು. ಆದಕಾರಣ ವೀಸಾ ಕೈಸೇರುವ ಮುನ್ನ, ಹಣ ಹಿಂದಿರುಗದಂತಹ ವಿಮಾನದ ಟಿಕೆಟನ್ನು ಕೊಳ್ಳುವುದು ಅವಿವೇಕ.

ಗೆಳೆಯನ ಮನೆಗೆ ಹೋಗುವವರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು. ಆಮಂತ್ರಣವೆಂಬುದು ಆ ದೇಶಗಳಲ್ಲಿ ಬರಿಯ ಪ್ರೀತಿಯ ಮಾತಲ್ಲ, ಕಾನೂನಿನ ಮಾತು. ಫ್ರಾನ್ಸಿನಲ್ಲಿ ಅತಿಥಿಯನ್ನು ಮನೆಯಲ್ಲಿರಿಸಿಕೊಳ್ಳುವವನು ತನ್ನ ಊರಿನ ಪುರಸಭೆಗೆ ಹೋಗಿ, ೩೦ ಯೂರೋ ತೆತ್ತು, ಆತಿಥ್ಯದ ದೃಢೀಕರಣ ಪತ್ರವನ್ನು ಪಡೆದು ಕಳಿಸಬೇಕು. ಜರ್ಮನಿಯಲ್ಲಿ ಅತಿಥಿಯ ಖರ್ಚನ್ನು ಆತಿಥೇಯನೇ ಹೊರುವುದಾದರೆ ಅವನು ವಿದೇಶೀಯರ ಕಚೇರಿಯಲ್ಲಿ ಹೊಣೆಗಾರಿಕೆಯ ಪ್ರತಿಜ್ಞೆಗೆ ಸಹಿ ಹಾಕುತ್ತಾನೆ. ಬಂದವನು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರೆ ಆ ವೆಚ್ಚವೂ ಸಹಿ ಹಾಕಿದವನ ತಲೆಯ ಮೇಲೆ ಬರಬಹುದು. ಜಪಾನಿನಲ್ಲಿರುವ ಗೆಳೆಯನನ್ನು ಕಾಣಲು ಹೋಗುವವರಿಂದ ಆಮಂತ್ರಣದ ಕಾರಣಪತ್ರವನ್ನಲ್ಲದೆ, ಸ್ನೇಹ ನಿಜವೆಂಬುದಕ್ಕೆ ಭಾವಚಿತ್ರ, ಪತ್ರ, ಮಿಂಚಂಚೆಗಳಂತಹ ಪುರಾವೆಗಳನ್ನೂ ಕೇಳುತ್ತಾರೆ. ವರ್ಷಗಟ್ಟಲೆ ಬರೆದ ಪತ್ರಗಳು ಒಂದು ದಿನ ಸರಕಾರದ ಮುಂದೆ ಸಾಕ್ಷಿ ನಿಲ್ಲುತ್ತವೆ.

ಆಮಂತ್ರಣವನ್ನು ಕೇಳುವುದೆಂದರೆ ಗೆಳೆಯನ ಸಮಯವನ್ನೂ ಹಣವನ್ನೂ ಹೊಣೆಯನ್ನೂ ಕೇಳುವುದು. "ಒಂದು ಚೀಟಿ ಬರೆದು ಕಳಿಸಿಬಿಡು" ಎಂದು ಹಗುರವಾಗಿ ಹೇಳುವ ಮಾತಲ್ಲ ಅದು. ಆ ಹೊಣೆಯನ್ನು ಹೊರಲು ಅವನಿಗೆ ಅನುಕೂಲವಿಲ್ಲದಿದ್ದರೆ ಸ್ನೇಹ ಕಡಿಮೆಯೆಂದು ತಿಳಿಯಲಾಗದು. ವಸತಿಗೃಹದಲ್ಲಿ ತಂಗುವ ಸಾಮಾನ್ಯ ಪ್ರವಾಸಿಯಾಗಿ ಹೋಗಿ, ಹಗಲು ಅವನೊಡನೆ ಕಳೆದು ಬರಬಹುದು. ಆದರೆ ಒಂದಿದ್ದುದನ್ನು ಇನ್ನೊಂದೆಂದು ಅರ್ಜಿಯಲ್ಲಿ ಬರೆಯಬಾರದು. ಗಡಿಯ ಅಧಿಕಾರಿ ಎಲ್ಲಿ ಇಳಿದುಕೊಳ್ಳುವಿರೆಂದು ಕೇಳಿದಾಗ ಕಾಗದವೂ ನಾಲಿಗೆಯೂ ಒಂದೇ ಮಾತನ್ನು ಹೇಳಬೇಕು.

ಅಮೆರಿಕದ ಕಾನೂನಿನ ಧೋರಣೆ ಇನ್ನೂ ಬಿಗಿ. ಸಂದರ್ಶಕ ವೀಸಾ ಬೇಡುವವನು ಅಲ್ಲಿಯೇ ನೆಲೆಸಲು ಬಂದವನೆಂದೇ ಅದು ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಅರ್ಜಿದಾರನದು. ಊರಿನ ಹೊಲಮನೆ, ಉದ್ಯೋಗ, ತಂದೆತಾಯಿಗಳು, ಮರಳಿ ಬರಲು ಇರುವ ಕಾರಣಗಳು ಇವೇ ಆಗ ನೆರವಿಗೆ ಬರುವಂತಹವು. ಮದುವೆಯಾಗದ, ಹೊಸದಾಗಿ ಕೆಲಸಕ್ಕೆ ಸೇರಿದ, ಹಿಂದೆಂದೂ ಹೊರದೇಶಕ್ಕೆ ಹೋಗದ ತರುಣರಿಗೆ ವೀಸಾ ನಿರಾಕರಣೆಯಾದರೆ ಅದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ.

ಹಾಸಿಗೆ ಮತ್ತು ಕಾಲು

೧೯೬೦ರ ದಶಕದಲ್ಲಿ ಕಡಲು ದಾಟಿದ ಅನೇಕ ವಿದ್ಯಾರ್ಥಿಗಳ ಜೇಬಿನಲ್ಲಿ ಇದ್ದುದು ಸರಕಾರವು ಅನುಮತಿಸಿದ ೮ ಡಾಲರು ಮಾತ್ರ. ವಿದೇಶೀ ವಿನಿಮಯಕ್ಕೆ ಅಷ್ಟು ಬರಗಾಲವಿದ್ದಿತು. ೨೦೦೪ರಲ್ಲಿ ರಿಜರ್ವ್ ಬ್ಯಾಂಕು ವರ್ಷಕ್ಕೆ ೨೫,೦೦೦ ಡಾಲರುಗಳವರೆಗೆ ಹೊರಗೆ ಒಯ್ಯಲು ಅವಕಾಶ ಕೊಟ್ಟಿತು. ಈಗ ಆ ಮಿತಿ ೨,೫೦,೦೦೦ ಡಾಲರು. ನೋಟುಗಳ ರೂಪದಲ್ಲಿ ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ ೩,೦೦೦ ಡಾಲರುಗಳವರೆಗೆ ಕೊಂಡೊಯ್ಯಬಹುದು. ಉಳಿದುದನ್ನು ಕಾರ್ಡಿನಲ್ಲಿ ತುಂಬಿಸಿಕೊಳ್ಳಬೇಕು. ಊರು ಬಿಡುವಾಗಲೂ ಮರಳುವಾಗಲೂ ದಾರಿಖರ್ಚಿಗೆಂದು ೨೫,೦೦೦ ರೂಪಾಯಿಗಳವರೆಗೆ ನಮ್ಮ ನೋಟುಗಳನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಮಿತಿ ಹೆಚ್ಚಿದೆಯೆಂದು ಗಂಟು ಹೆಚ್ಚುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಗೆಳೆಯನ ಮನೆಯಲ್ಲಿ ಇಳಿದುಕೊಂಡರೆ ವಸತಿಯ ಖರ್ಚು ಉಳಿಯುವುದೇನೋ ನಿಜ. ಆದರೆ ವಿಮಾನ, ವೀಸಾ, ವಿಮೆ, ಅಲ್ಲಿನ ರೈಲು ಬಸ್ಸುಗಳು, ಹೊರಗಿನ ಊಟ ಇವೆಲ್ಲ ಹಾಗೆಯೇ ಇರುತ್ತವೆ. ಮೊದಲು ವಿಮಾನದ ದರ, ಬಳಿಕ ವಿಮೆ, ಬಳಿಕ ದಿನದ ವೆಚ್ಚ, ಇವನ್ನು ಬರೆದುಕೊಂಡು, ಮೊತ್ತದ ಕಾಲುಭಾಗವನ್ನು ಆಪತ್ಕಾಲಕ್ಕೆಂದು ಪಕ್ಕಕ್ಕೆ ತೆಗೆದಿರಿಸಬೇಕು. ಮರಳುವ ಟಿಕೆಟು ಹೊರಡುವ ಟಿಕೆಟಿನೊಡನೆಯೇ ಕೈಯಲ್ಲಿರಬೇಕು. ತಂಗಿಯ ಮದುವೆಗಿಟ್ಟ ಹಣವನ್ನೋ ಹೊಲದ ಮೇಲಿನ ಸಾಲವನ್ನೋ ಈ ಪ್ರವಾಸಕ್ಕೆ ತೊಡಗಿಸುವುದಾದರೆ, ಇನ್ನೊಂದು ವರ್ಷ ಪತ್ರದಲ್ಲಿಯೇ ಮಾತಾಡುವುದು ಲೇಸು. ನಿಜವಾದ ಸ್ನೇಹ ಒಂದು ವರ್ಷ ಕಾಯಲಾರದೇ?

ಬುತ್ತಿಯಲ್ಲಿ ಏನಿರಬೇಕು

ಬರಿಗೈಯಲ್ಲಿ ಗೆಳೆಯರ ಮನೆಗೆ ಹೋಗುವುದು ಈ ಕಡೆಯವರಿಗೆ ಒಗ್ಗದ ಮಾತು. ಆದರೆ ಎಲ್ಲವನ್ನೂ ಒಯ್ಯಲು ಬರುವುದಿಲ್ಲ. ಯೂರೋಪಿನ ಒಕ್ಕೂಟಕ್ಕೆ ಹೊರಗಿನ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ತರಕೂಡದು. ಆದಕಾರಣ ಧಾರವಾಡದ ಪೇಡೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಮೇಲು. ತುಪ್ಪ ಬೆರೆಸಿದ ಅಮೀನಗಡದ ಕರದಂಟಿನ ವಿಷಯದಲ್ಲಿ ಆಯಾ ದೇಶದ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಒಣಗಿದ ಸಜ್ಜೆಯ ಕಟಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳು ವಾರಗಟ್ಟಲೆ ಕೆಡುವುದಿಲ್ಲ; ಆದರೂ ಅವನ್ನು ಮುಚ್ಚಿಡದೆ ಸುಂಕದವರಿಗೆ ತೋರಿಸಬೇಕು. ಆಸ್ಟ್ರೇಲಿಯದಂತಹ ದೇಶಗಳಲ್ಲಿ ತಿನಿಸನ್ನು ಹೇಳದೆ ಒಯ್ದವರಿಗೆ ಭಾರಿ ದಂಡ ಬೀಳುತ್ತದೆ.

ಶಿವಯೋಗ ಮಂದಿರದ ವಿಭೂತಿಗೆ ನಾಡಿನಲ್ಲೆಲ್ಲ ಹೆಸರಿದೆ. ಅಲ್ಲಿನ ಗೋಶಾಲೆಯ ಗೋಮಯದಿಂದ ಅದನ್ನು ಸಿದ್ಧಪಡಿಸುತ್ತಾರೆ. ಪರದೇಶದಲ್ಲಿ ನೆಲೆಸಿದ ಕನ್ನಡಿಗ ಗೆಳೆಯರು ಅದನ್ನೇ ತರಹೇಳುವುದು ಸಹಜ. ಇಲ್ಲಿಯೂ ಎಚ್ಚರ ಬೇಕು. ೨೦೨೧ರಲ್ಲಿ ಭಾರತದಿಂದ ಹೋದ ಒಂದು ಪೆಟ್ಟಿಗೆಯಲ್ಲಿ ಬೆರಣಿಗಳನ್ನು ಕಂಡ ಅಮೆರಿಕದ ಸುಂಕದವರು ಜಾನುವಾರು ರೋಗದ ಭಯದಿಂದ ಅವನ್ನು ನಾಶಪಡಿಸಿದರು. ವಿಭೂತಿಯು ಸುಟ್ಟ ಭಸ್ಮವಾದುದರಿಂದ ಬೆರಣಿಯಲ್ಲವೆಂಬುದು ಸರಿ. ಆದರೆ ಅದು ಏನೆಂದು ಕೇಳಿದವರಿಗೆ ತಿಳಿಯಹೇಳಬೇಕಾದವನು ಒಯ್ಯುವವನೇ. ಪುಡಿಯನ್ನು ಒಯ್ಯದೆ ಗಟ್ಟಿಯನ್ನು, ಅದೂ ಸ್ವಲ್ಪವೇ, ಹೆಸರು ಬರೆದ ಪೊಟ್ಟಣದಲ್ಲಿ ಒಯ್ಯುವುದು ಉಚಿತ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ೩೫೦ ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚಿನ ತಪಾಸಣೆ ನಡೆಯುತ್ತದೆ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಇರುವವರು ಲೋಹಶೋಧಕದ ಮುಂದೆ ನಿಲ್ಲುವ ಮೊದಲೇ ವಿನಯದಿಂದ ಸಂಗತಿಯನ್ನು ತಿಳಿಸಿ, ಮರೆಯಲ್ಲಿ ಪರೀಕ್ಷಿಸಬೇಕೆಂದು ಕೋರಬಹುದು.

ಯಾವ ಸುಂಕದವನೂ ಹುಬ್ಬೇರಿಸದ ಉಡುಗೊರೆಗಳು ಈ ಜಿಲ್ಲೆಯ ಮಗ್ಗಗಳಲ್ಲಿಯೇ ಇವೆ. ಗುಳೇದಗುಡ್ಡದ ಖಣವು ಹಗುರ, ಅಗ್ಗ, ಕಣ್ಣಿಗೆ ಹಬ್ಬ. ಇಳಕಲ್ಲ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಹೂಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿಯ ಕೆಲಸವನ್ನು ಬೆರಳಿಟ್ಟು ತೋರಿಸಿ ವಿವರಿಸಿದರೆ, ಸೀರೆಯುಡದ ಊರಿನ ಗೆಳತಿಗೂ ಅದರ ಬೆಲೆ ತಿಳಿದೀತು.

ಅತಿಥಿಯ ಧರ್ಮ

ದಾಸೋಹದ ಸೀಮೆಯಿಂದ ಹೋದವರು ಒಂದು ವಿಷಯದಲ್ಲಿ ಎಡವುವುದುಂಟು. ಇಲ್ಲಿ ಹೇಳದೆ ಬಂದ ಅತಿಥಿಗೂ ರೊಟ್ಟಿ ಬಡಿಯುತ್ತಾರೆ. ಇನ್ನೆರಡು ದಿನ ಇರೆಂದು ಬಲವಂತಮಾಡುತ್ತಾರೆ. ಪಶ್ಚಿಮದ ಮನೆಗಳಲ್ಲಿ ಆದರವು ಕಡಿಮೆಯಲ್ಲ, ಅದರ ರೀತಿ ಬೇರೆ. ಬರುವ ದಿನ, ಹೋಗುವ ದಿನ, ಊಟದ ಹೊತ್ತುಗಳನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಅಡುಗೆಗೂ ಪಾತ್ರೆಗೂ ಆಳುಗಳಿರುವುದಿಲ್ಲ. ಮಾಂಸ ಮೊಟ್ಟೆ ಮುಟ್ಟದವರು ಅದನ್ನು ತಿಂಗಳ ಮೊದಲೇ ತಿಳಿಸಬೇಕೇ ಹೊರತು ಬಡಿಸಿದ ತಟ್ಟೆಯ ಮುಂದೆ ಅಲ್ಲ. ತನ್ನ ಹಾಸಿಗೆಯನ್ನು ತಾನೇ ಮಡಿಸಿ, ಒಂದು ಸಂಜೆ ಜೋಳದ ರೊಟ್ಟಿಯನ್ನೋ ಚಿತ್ರಾನ್ನವನ್ನೋ ತಾನೇ ಮಾಡಿ ಬಡಿಸುವ ಅತಿಥಿಯನ್ನು ಅಲ್ಲಿನವರು ಮರೆಯುವುದಿಲ್ಲ. ಮೂರು ನಾಲ್ಕು ದಿನಗಳಲ್ಲಿ ಒಂದು ಹಗಲನ್ನಾದರೂ ಒಬ್ಬಂಟಿಯಾಗಿ ಊರು ನೋಡಲು ಹೊರಟರೆ ಮನೆಯವರಿಗೂ ಉಸಿರಾಡಲು ಬಿಡುವು ಸಿಗುತ್ತದೆ.

ಅಂತಹ ಒಂದು ಹಗಲಿನಲ್ಲಿ ಲಂಡನ್ನಿನಲ್ಲಿರುವವರು ಥೇಮ್ಸ್ ನದಿಯ ದಂಡೆಗೆ ಹೋಗಬಹುದು. ಲ್ಯಾಂಬೆತ್ ಪ್ರದೇಶದಲ್ಲಿ, ನದಿಗೆದುರಾಗಿ, ಬಸವಣ್ಣನವರ ಪ್ರತಿಮೆ ನಿಂತಿದೆ. ಅದನ್ನು ೨೦೧೫ರ ನವೆಂಬರ್ ೧೪ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಕೂಡಲಸಂಗಮದ ಕಡೆಯಿಂದ ಹೋದವರಿಗೆ, ಏಳು ಕಡಲಾಚೆಯ ಆ ನದಿತೀರದಲ್ಲಿ ತಮ್ಮವರೊಬ್ಬರು ಮೊದಲೇ ಬಂದು ನಿಂತಂತೆ ಕಂಡರೆ ಆಶ್ಚರ್ಯವಿಲ್ಲ.

ಹೊರಡುವ ಮುನ್ನಿನ ದಿನ ಮಾಡಬೇಕಾದ ಕೆಲಸವೊಂದು ಉಳಿಯುತ್ತದೆ. ಗೆಳೆಯನ ಹೆಸರು, ವಿಳಾಸ, ದೂರವಾಣಿ, ವಿಮಾನದ ವೇಳೆ, ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ಸಂಖ್ಯೆ ಇವನ್ನೆಲ್ಲ ದಪ್ಪಕ್ಷರದ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಬೇಕು. ಪಾಸ್‌ಪೋರ್ಟಿನ ಪ್ರತಿಯನ್ನು ಮನೆಯಲ್ಲಿ ಬಿಡಬೇಕು. ದಿನಕ್ಕೊಮ್ಮೆ, ಅಲ್ಲಿನ ಗಡಿಯಾರದಲ್ಲಿ ಎಷ್ಟೇ ಆಗಿರಲಿ, ಇಲ್ಲಿನ ಊಟದ ಹೊತ್ತಿಗೆ ಮಾತಾಡುವೆನೆಂದು ಮಾತು ಕೊಟ್ಟು ಅದರಂತೆ ನಡೆಯಬೇಕು.

ಕೊನೆಗೆ ಒಂದು ಲೆಕ್ಕ ಬಾಕಿ ಇರುತ್ತದೆ. ಉಂಡ ಮನೆಯವರನ್ನು ಉಣ್ಣಲು ಕರೆಯದಿದ್ದರೆ ಈ ನಾಡಿನಲ್ಲಿ ಸ್ನೇಹ ಪೂರ್ತಿಯಾಗದು. ಬೀಳ್ಕೊಳ್ಳುವಾಗಲೇ ಗೆಳೆಯನನ್ನು ಬಾದಾಮಿಗೆ ಆಮಂತ್ರಿಸಿ ಬರಬೇಕು. ಅವನು ಬಂದಾಗ ಇಲ್ಲಿಯೂ ಕಾನೂನು ಇದೆ: ವಿದೇಶೀಯನನ್ನು ಮನೆಯಲ್ಲಿ ಇಳಿಸಿಕೊಂಡವರು ೨೪ ಗಂಟೆಗಳೊಳಗಾಗಿ ಆ ಸಂಗತಿಯನ್ನು ಅಧಿಕಾರಿಗಳಿಗೆ ತಿಳಿಸಬೇಕು. ಅಷ್ಟು ಮಾಡಿದ ಮೇಲೆ ಮೇಣಬಸದಿಗಳನ್ನೂ, ಮಹಾಕೂಟವನ್ನೂ, ಮಲಪ್ರಭೆಯ ದಂಡೆಯ ಮಂದಿರವನ್ನೂ ತೋರಿಸಿ, ದಾಸೋಹದ ಪಂಕ್ತಿಯಲ್ಲಿ ಅವನನ್ನು ಕುಳ್ಳಿರಿಸಬಹುದು. ಆಗ ಒಲೆಯ ಮುಂದಿನ ತಾಯಿಯೇ, ಬಂದವನ ಭಾಷೆ ತನಗೆ ಬಾರದಿದ್ದರೂ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿಯಾಳು.